ಫೀ ಹಂಚಲು ಸ್ಪ್ಲಿಟ್ಸ್: ಪಾಲು ಹಾಕುವುದರಲ್ಲಿ ಗಟ್ಟಿ, ಉಳಿದದ್ದು ನಿಮ್ಮ ಕೈಯಲ್ಲಿ

ಡಿಫೈ ಪ್ರೋಟೊಕಾಲ್‌ಗೆ, ಅಂದರೆ ಬ್ಲಾಕ್‌ಚೈನ್ ಮೇಲೆ ಬ್ಯಾಂಕಿಲ್ಲದೆ ನಡೆಯುವ ಹಣಕಾಸು ಸೇವೆಗೆ, ಫೀ ಬರಲು ಶುರುವಾದ ಹೊಸದರಲ್ಲಿ ಎಲ್ಲರೂ ಕೈಯಿಂದಲೇ ಹಂಚುತ್ತಾರೆ. ಒಂದು ಎಕ್ಸೆಲ್ ಹಾಳೆ, ಹಲವರ ಸಹಿ ಬೇಕಾದ ಒಂದು ಮಲ್ಟಿಸಿಗ್ ವಾಲೆಟ್, ನಾಲ್ಕು ಟ್ರಾನ್ಸಾಕ್ಷನ್. ಎರಡು ಮೂರು ತಿಂಗಳಲ್ಲಿ ಅದು ಕೈಕೊಡುತ್ತದೆ. ಸಹಿ ಹಾಕಬೇಕಾದವರು ಊರಲ್ಲಿರುವುದಿಲ್ಲ, ಶೇ 15 ಹೋಗಬೇಕಾದ ಕಡೆ ಶೇ 12 ಹೋಗಿರುತ್ತದೆ, ಯಾವ ತಾರೀಖಿನವರೆಗಿನ ಫೀ ಹಂಚಿದ್ದೇವೆ ಎಂಬುದೇ ಗೊತ್ತಿರುವುದಿಲ್ಲ. ಬೆಳಗಾವಿ, ಬಾಗಲಕೋಟೆ, ವಿಜಯಪುರದಲ್ಲಿ ಕೂತು ಇಂಥ ಪ್ರೋಟೊಕಾಲ್ ನಡೆಸುವ ನಾಲ್ಕೈದು ಜನರ ತಂಡಕ್ಕೆ ಈ ಕೆಲಸವನ್ನು ಸ್ಮಾರ್ಟ್ ಕಾಂಟ್ರ್ಯಾಕ್ಟಿಗೆ, ಅಂದರೆ ಬ್ಲಾಕ್‌ಚೈನ್ ಮೇಲೆ ಓಡುವ ಕೋಡಿಗೆ, ಒಪ್ಪಿಸುವುದು ಅನುಕೂಲವಷ್ಟೇ ಆಗಿ ಉಳಿಯುವುದಿಲ್ಲ, ಪಾಲುದಾರರ ನಡುವಿನ ನಂಬಿಕೆ ಉಳಿಯಬೇಕೆಂದರೆ ಅದು ಬೇಕೇ ಬೇಕು.

ಇಲ್ಲಿ ನೋಡುತ್ತಿರುವುದು ಮುಖ್ಯವಾಗಿ ಸ್ಪ್ಲಿಟ್ಸ್ ಎಂಬ ಸಿದ್ಧ ಪ್ರೋಟೊಕಾಲನ್ನು. ಮೊದಲು ಇದರ ಹೆಸರು 0ಎಕ್ಸ್‌ಸ್ಪ್ಲಿಟ್ಸ್ ಎಂದಿತ್ತು. ಜೊತೆಗೆ ಅದಕ್ಕಿಂತ ಹಳೆಯದಾದ, ಓಪನ್‌ಜೆಪ್ಪೆಲಿನ್ ಎಂಬ ಸಿದ್ಧ ಕೋಡ್ ಸಂಗ್ರಹದ ಪೇಮೆಂಟ್‌ಸ್ಪ್ಲಿಟರ್, ಹಂಚಿಕೆಗೆ ಚಾಲನೆ ಕೊಡುವ ಚೈನ್‌ಲಿಂಕ್ ಆಟೊಮೇಷನ್. ತೀರ್ಪು ಮೊದಲೇ ಹೇಳುತ್ತೇವೆ: ಪಾಲು ಹಾಕುವ ಕೆಲಸಕ್ಕೆ ಸ್ಪ್ಲಿಟ್ಸ್ ಧೈರ್ಯವಾಗಿ ಬಳಸಬಹುದು, ಸ್ವಂತ ಕೋಡ್ ಬರೆಯುವ ಅಗತ್ಯವಿಲ್ಲ. ಆದರೆ ದುಡ್ಡು ಸೋರುವುದು ಪಾಲು ಹಾಕುವಲ್ಲಿ ಅಲ್ಲವೇ ಅಲ್ಲ. ಅದಕ್ಕೆ ಮುಂಚೆ ನಾನಾ ಟೋಕನ್‌ಗಳನ್ನು ಒಂದೇ ಟೋಕನ್ ಮಾಡುವಾಗ ಮತ್ತು ಕೆಲಸ ಯಾವಾಗ ನಡೆಯಬೇಕು ಎಂದು ತೀರ್ಮಾನಿಸುವಾಗ. ಪಾಲು, ಪರಿವರ್ತನೆ, ಚಾಲನೆ ಈ ಮೂರನ್ನೂ ಒಂದೇ ಕಾಂಟ್ರ್ಯಾಕ್ಟಿಗೆ ತುರುಕಿದವರು ಒಂದಲ್ಲ ಒಂದು ದಿನ ಪೇಚಿಗೆ ಸಿಕ್ಕಿಕೊಳ್ಳುತ್ತಾರೆ.

ವಿಜಯಪುರದ ಎಪಿಎಂಸಿಯಲ್ಲಿ ಒಣದ್ರಾಕ್ಷಿ ಮಾರಿದ ಪಟ್ಟಿಯನ್ನು ನೆನಪಿಸಿಕೊಳ್ಳಿ. ತೂಕ ಒಂದು ಸಾಲು, ದರ ಒಂದು ಸಾಲು, ಹಮಾಲಿ ಒಂದು ಸಾಲು, ಕೊನೆಗೆ ಕೈಗೆ ಬರುವ ಮೊತ್ತ. ಜಗಳ ಬಂದರೆ ಯಾವ ಸಾಲಿನಲ್ಲಿ ತಪ್ಪಾಗಿದೆ ಎಂದು ಬೆರಳಿಟ್ಟು ತೋರಿಸಬಹುದು. ಫೀ ಹಂಚಿಕೆಯೂ ಹಾಗೇ ಇರಬೇಕು: ಸಂಗ್ರಹ, ಪರಿವರ್ತನೆ, ಪಾಲು, ಮೂರಕ್ಕೂ ಬೇರೆ ಬೇರೆ ಕಾಂಟ್ರ್ಯಾಕ್ಟ್, ಮೂರಕ್ಕೂ ಬೇರೆ ಬೇರೆ ಇವೆಂಟ್ ಲಾಗ್ (ಏನು ನಡೆಯಿತೆಂದು ಚೈನ್ ಮೇಲೆ ಉಳಿಯುವ ದಾಖಲೆ).

ಲೆಕ್ಕಕ್ಕೆ ಒಂದು ಉದಾಹರಣೆ ಇಟ್ಟುಕೊಳ್ಳೋಣ. ಯೂನಿಸ್ವಾಪ್ ವಿ2 ಮಾದರಿಯ ಎಕ್ಸ್‌ಚೇಂಜಿನಲ್ಲಿ ಪ್ರತಿ ವಹಿವಾಟಿಗೆ ಶೇ 0.30 ಫೀ. ಪ್ರೋಟೊಕಾಲ್ ಪಾಲಿನ ಸ್ವಿಚ್ ಹಾಕಿದರೆ ಅದರಲ್ಲಿ ಆರನೇ ಒಂದು ಭಾಗ, ಅಂದರೆ ಶೇ 0.05, ಪ್ರೋಟೊಕಾಲಿಗೆ. 10 ಲಕ್ಷ ಡಾಲರ್ ವಹಿವಾಟಿಗೆ ಒಟ್ಟು ಫೀ 3,000 ಡಾಲರ್, ನಿಮ್ಮ ಪಾಲು 500. ಹೊಸಬರು ಗಾಬರಿಯಾಗುವುದು ಇಲ್ಲೇ. ವಹಿವಾಟು ನಡೆದರೂ ಫೀ ವಿಳಾಸದಲ್ಲಿ ಏನೂ ಏರುವುದಿಲ್ಲ. ಕಾರಣ, ಈ ಪಾಲು ಪ್ರತಿ ವಹಿವಾಟಿಗೆ ಬರುವುದಿಲ್ಲ. ಯಾರಾದರೂ ಪೂಲಿಗೆ (ವಹಿವಾಟಿಗೆಂದು ಎರಡು ಟೋಕನ್ ಕೂಡಿಟ್ಟ ನಿಧಿಗೆ) ಲಿಕ್ವಿಡಿಟಿ, ಅಂದರೆ ಬಂಡವಾಳ, ಹಾಕಿದಾಗ ಅಥವಾ ತೆಗೆದಾಗ ಮಾತ್ರ ಹಿಂದಿನ ಬಾಕಿಯೆಲ್ಲ ಒಟ್ಟಿಗೆ ಮಿಂಟ್ ಆಗುತ್ತದೆ, ಅಂದರೆ ಹೊಸದಾಗಿ ಹುಟ್ಟುತ್ತದೆ. ಅದೂ ಡಾಲರ್ ರೂಪದಲ್ಲಿ ಅಲ್ಲ, ಪೂಲಿನಲ್ಲಿರುವ ಪಾಲನ್ನು ತೋರಿಸುವ ಎಲ್‌ಪಿ ಟೋಕನ್ ರೂಪದಲ್ಲಿ. ಫೀ ವಿಳಾಸದ ಜಾಗಕ್ಕೆ ನೇರವಾಗಿ ಸ್ಪ್ಲಿಟ್‌ನ ವಿಳಾಸ ಹಾಕಿದರೆ ಪಾಲುದಾರರ ಕೈಗೆ ಎಲ್‌ಪಿ ಟೋಕನ್‌ಗಳ ಚೂರುಗಳು ಬರುತ್ತವೆ. ಮಧ್ಯೆ ಸಂಗ್ರಾಹಕ, ಪರಿವರ್ತಕ ಕಾಂಟ್ರ್ಯಾಕ್ಟ್‌ಗಳು ಬೇಕು: ಎಲ್‌ಪಿ ಟೋಕನ್ ಸುಟ್ಟು ಎರಡು ಮೂಲ ಟೋಕನ್ ಪಡೆಯುವುದು, ಅವನ್ನು ಡಾಲರ್ ಬೆಲೆಗೆ ಕಟ್ಟಿದ ಯುಎಸ್‌ಡಿಸಿ ಎಂಬ ಟೋಕನ್‌ಗೆ ಬದಲಿಸುವುದು, ನಂತರವಷ್ಟೇ ಸ್ಪ್ಲಿಟ್‌ಗೆ ಕಳಿಸುವುದು.

ಪೇಮೆಂಟ್‌ಸ್ಪ್ಲಿಟರ್ ಬಗ್ಗೆ ಬೇಗ ಮುಗಿಸೋಣ. ಒಳ್ಳೆಯ, ಓದಲು ಸುಲಭವಾದ ಕೋಡ್. ಇಲ್ಲಿಯವರೆಗೆ ಬಂದ ಒಟ್ಟು ಮೊತ್ತವನ್ನು ಪಾಲಿನಿಂದ ಗುಣಿಸಿ, ಒಟ್ಟು ಪಾಲುಗಳಿಂದ ಭಾಗಿಸಿ, ಆಗಲೇ ಕೊಟ್ಟದ್ದನ್ನು ಕಳೆದರೆ ಉಳಿಯುವುದೇ ಬಾಕಿ. ಇಡೀ ಲೆಕ್ಕ ಇಷ್ಟೇ. ಆದರೆ ಓಪನ್‌ಜೆಪ್ಪೆಲಿನ್ 2023ರ ಅಕ್ಟೋಬರ್‌ನಲ್ಲಿ ಬಂದ 5.0 ಆವೃತ್ತಿಯಿಂದ ಇದನ್ನು ತೆಗೆದುಹಾಕಿದೆ. 4.9 ಆವೃತ್ತಿಯಿಂದ ತೆಗೆದು ಬಳಸಬಹುದು, ಅಡ್ಡಿಯಿಲ್ಲ, ಮುಂದಿನ ದುರಸ್ತಿ ನಿಮ್ಮದೇ. ಪಾಲುಗಳು ಡಿಪ್ಲಾಯ್ ಮಾಡುವಾಗಲೇ, ಅಂದರೆ ಕೋಡನ್ನು ಚೈನ್‌ಗೆ ಏರಿಸುವಾಗಲೇ, ಖಾಯಂ ಆಗುತ್ತವೆ. ಒಬ್ಬರು ತಂಡ ಬಿಟ್ಟರೆ ಹೊಸ ಕಾಂಟ್ರ್ಯಾಕ್ಟೇ ಗತಿ. ತಾನಾಗಿಯೇ ಬ್ಯಾಲೆನ್ಸ್ ಏರಿಳಿಯುವ ರೀಬೇಸಿಂಗ್ ಟೋಕನ್ ಇದಕ್ಕೆ ಹಾಕಲೇಬಾರದು. ಬ್ಯಾಲೆನ್ಸ್ ಇಳಿದರೆ ಕೊಟ್ಟದ್ದು ಬರಬೇಕಾದದ್ದಕ್ಕಿಂತ ಹೆಚ್ಚಾಗಿ, ಕಳೆಯುವ ಲೆಕ್ಕ ಸೊನ್ನೆಗಿಂತ ಕೆಳಗೆ ಹೋಗಿ, ಕಾಂಟ್ರ್ಯಾಕ್ಟ್ ಬರೆಯುವ ಭಾಷೆಯಾದ ಸಾಲಿಡಿಟಿಯ 0.8ರಲ್ಲಿ ಆ ಕರೆ ರಿವರ್ಟ್ ಆಗುತ್ತದೆ, ಅಂದರೆ ಏನೂ ನಡೆಯದಂತೆ ರದ್ದಾಗುತ್ತದೆ.

ಇನ್ನು ಸ್ಪ್ಲಿಟ್ಸ್. ಮೊದಲ ಆವೃತ್ತಿಯಲ್ಲಿ ಶೇ 100 ಎಂದರೆ 10,00,000 ಘಟಕ. ಶೇ 60 ಎಂದರೆ 6,00,000. ವಿಳಾಸಗಳನ್ನು ಏರಿಕೆ ಕ್ರಮದಲ್ಲಿ ಜೋಡಿಸಿ ಕೊಡಬೇಕು, ಒಂದೇ ವಿಳಾಸ ಎರಡು ಸಲ ಬರುವಂತಿಲ್ಲ, ಮೊತ್ತ 10,00,000ಕ್ಕೆ ಸರಿಯಾಗಿ ಕೂಡಬೇಕು. ಮೂವರಿಗೆ ಸಮಪಾಲು ಎಂದರೆ 3,33,333, 3,33,333, 3,33,334. ಆ ಕೊನೆಯ ಒಂದು ಘಟಕ ಯಾರಿಗೆ ಎಂದು ಮೊದಲೇ ಮಾತಾಡಿಕೊಂಡಿರಿ, ದುಡ್ಡು ಚಿಕ್ಕದಾದರೂ ಕಾಗದದ ಮೇಲೆ ಕಾಣುತ್ತದೆ. ಎರಡನೇ ಆವೃತ್ತಿಯಲ್ಲಿ ಒಟ್ಟು ಎಷ್ಟು ಎಂಬುದನ್ನು ನೀವೇ ಹೇಳಬಹುದು. ಒಟ್ಟು 3, ತಲಾ 1 ಎಂದರೆ ಮುಗಿಯಿತು. ಈ ಒಂದು ಕಾರಣಕ್ಕೇ ಹೊಸ ಕೆಲಸಕ್ಕೆ ಎರಡನೆಯದನ್ನೇ ಆರಿಸಿಕೊಳ್ಳಿ ಎನ್ನುತ್ತೇವೆ.

ಗ್ಯಾಸ್, ಅಂದರೆ ಚೈನ್ ಮೇಲೆ ಕೆಲಸ ಮಾಡಿಸುವ ಶುಲ್ಕ, ಉಳಿಸಲು ಸ್ಪ್ಲಿಟ್ಸ್ ಮಾಡಿರುವ ಉಪಾಯ ಮೆಚ್ಚುವಂಥದ್ದು. ಪಾಲುದಾರರ ಪಟ್ಟಿಯನ್ನು ಚೈನ್ ಮೇಲೆ ಪೂರ್ತಿ ಇಡುವುದಿಲ್ಲ, ಅದರ ಬೆರಳಚ್ಚಿನಂಥ ಚಿಕ್ಕ ಗುರುತಾದ ಹ್ಯಾಶ್ ಒಂದನ್ನೇ ಇಡುತ್ತದೆ. ಖಾಲಿ ಸ್ಟೋರೇಜ್ ಸ್ಲಾಟಿಗೆ ಹೊಸದಾಗಿ ಬರೆಯಲು 20,000ಕ್ಕೂ ಹೆಚ್ಚು ಗ್ಯಾಸ್ ತಗಲುತ್ತದೆ. ಹತ್ತು ಜನರ ವಿಳಾಸ, ಪಾಲು ಎಲ್ಲ ಬರೆಯುತ್ತ ಕೂತರೆ ಲಕ್ಷಗಟ್ಟಲೆ ಗ್ಯಾಸ್ ಆಯಿತು. ಹ್ಯಾಶ್ ಆದರೆ ಒಂದೇ ಸ್ಲಾಟ್. ಇದರ ಇನ್ನೊಂದು ಮುಖವೆಂದರೆ, ಹಂಚುವಾಗಲೆಲ್ಲ ಪೂರ್ತಿ ಪಟ್ಟಿಯನ್ನು ನೀವೇ ಕೊಡಬೇಕು. ಒಂದು ಅಂಕಿ ಆಚೀಚೆಯಾದರೂ ಹ್ಯಾಶ್ ಹೊಂದದೆ ರಿವರ್ಟ್. ಪಾಲು ಬದಲಿಸಿದ ಮೇಲೆ ಹಳೆಯ ಪಟ್ಟಿಯನ್ನೇ ಕಳಿಸುತ್ತಿರುವ ಸ್ಕ್ರಿಪ್ಟ್‌ಗಳು ಕೆಟ್ಟು ನಿಲ್ಲುವುದು ಇದರಿಂದಲೇ. ಪಟ್ಟಿಯನ್ನು ಇವೆಂಟ್ ಲಾಗಿನಿಂದ ಓದಿಸಿ, ಸ್ಕ್ರಿಪ್ಟಿನಲ್ಲಿ ಕೆತ್ತಿಡಬೇಡಿ.

ಹಂಚುವ ಫಂಕ್ಷನ್ನನ್ನು ಯಾರು ಬೇಕಾದರೂ ಕರೆಯಬಹುದು. ಕರೆದವರಿಗೆ ಸಣ್ಣ ಕಮಿಷನ್ ಇಡುವ ಸೌಲಭ್ಯವಿದೆ, ಮೊದಲ ಆವೃತ್ತಿಯಲ್ಲಿ ಅದರ ಮಿತಿ ಶೇ 10. ನಮ್ಮ 500 ಯುಎಸ್‌ಡಿಸಿಗೆ ಶೇ 1 ಇಟ್ಟರೆ ಮೊದಲು 5 ಕರೆದವರಿಗೆ, ಉಳಿದ 495ರಲ್ಲಿ ಮೂವರು ಪಾಲುದಾರರಿಗೆ 60:15:25ರಂತೆ 297, 74.25, 123.75. ಆರ್ಬಿಟ್ರಮ್, ಬೇಸ್ ಥರದ ಅಗ್ಗದ ಚೈನ್‌ಗಳಲ್ಲಿ ಈ 5 ಡಾಲರ್ ಗ್ಯಾಸ್ ಖರ್ಚನ್ನು ಧಾರಾಳವಾಗಿ ಮೀರುತ್ತದೆ, ಹೊರಗಿನವರ ಬಾಟ್ ಬಂದು ಕರೆಯುವ ಸಂಭವವಿದೆ. ಈಥೀರಿಯಂ ಮುಖ್ಯ ಚೈನ್‌ನಲ್ಲಿ ಗ್ಯಾಸ್ ಏರಿದ ದಿನ ಯಾರೂ ಹತ್ತಿರ ಸುಳಿಯುವುದಿಲ್ಲ. ಕಮಿಷನ್ ನಂಬಿ ಪಗಾರದ ದಿನ ಗೊತ್ತುಮಾಡಬೇಡಿ.

ಎರಡನೇ ಆವೃತ್ತಿಯಲ್ಲಿ ಪುಷ್, ಪುಲ್ ಎಂಬ ಎರಡು ಬಗೆ. ಪುಷ್ ಎಂದರೆ ಹಂಚಿದ ಕ್ಷಣವೇ ಎಲ್ಲರ ವಾಲೆಟ್ಟಿಗೆ ತಲುಪಿಸುವುದು. ಪುಲ್ ಎಂದರೆ ವೇರ್‌ಹೌಸ್ ಎಂಬ ಕಾಂಟ್ರ್ಯಾಕ್ಟಿನಲ್ಲಿ ಅವರವರ ಹೆಸರಿಗೆ ಜಮಾ ಮಾಡಿ, ಬೇಕಾದಾಗ ತೆಗೆದುಕೊಳ್ಳಲು ಬಿಡುವುದು. ಕೇಳಿದ ಕೂಡಲೇ ಪುಷ್ ಚೆಂದ ಅನ್ನಿಸುತ್ತದೆ. ಸಕ್ಕರೆ ಕಾರ್ಖಾನೆ ಕಬ್ಬಿನ ಬಿಲ್ಲು ಹಾಕುವಾಗ ಒಬ್ಬ ರೈತನ ಐಎಫ್‌ಎಸ್‌ಸಿ ತಪ್ಪಿದ್ದರೆ ಅವನೊಬ್ಬನ ದುಡ್ಡು ವಾಪಸ್ ಬರುತ್ತದೆ, ಉಳಿದವರಿಗೆ ಮುಟ್ಟುತ್ತದೆ. ಲೂಪ್ ಹಾಕಿ ಟೋಕನ್ ಕಳಿಸುವ ಪುಷ್ ಕಾಂಟ್ರ್ಯಾಕ್ಟಿನಲ್ಲಿ ಹಾಗಲ್ಲ. ಒಂದು ಟ್ರಾನ್ಸ್‌ಫರ್ ವಿಫಲವಾದರೆ ಇಡೀ ಟ್ರಾನ್ಸಾಕ್ಷನ್ನೇ ಹಿಂದಕ್ಕೆ, ಎಲ್ಲರ ಪಾಲೂ ಅಲ್ಲೇ ನಿಂತಿತು.

ಇದು ಬರೀ ಊಹೆಯಲ್ಲ. ಯುಎಸ್‌ಡಿಸಿ ಹೊರಡಿಸುವ ಸರ್ಕಲ್ ಕಂಪನಿಗೆ ಯಾವುದೇ ವಿಳಾಸವನ್ನು ಕಪ್ಪುಪಟ್ಟಿಗೆ ಸೇರಿಸುವ ಅಧಿಕಾರ ಕಾಂಟ್ರ್ಯಾಕ್ಟಿನಲ್ಲೇ ಇದೆ. 2022ರ ಆಗಸ್ಟ್‌ನಲ್ಲಿ ದುಡ್ಡಿನ ಜಾಡು ಮರೆಮಾಡುವ ಟಾರ್ನೇಡೊ ಕ್ಯಾಶ್ ಮೇಲೆ ಅಮೆರಿಕ ನಿರ್ಬಂಧ ಹೇರಿದಾಗ ಸರ್ಕಲ್ ಆ ಅಧಿಕಾರ ಬಳಸಿತು ಕೂಡ. ನಿಮ್ಮ ಪಾಲುದಾರರ ಒಂದು ವಿಳಾಸ ಆ ಪಟ್ಟಿಗೆ ಬಿದ್ದರೆ ಅದಕ್ಕೆ ಹೋಗುವ ಟ್ರಾನ್ಸ್‌ಫರ್ ಪ್ರತಿ ಸಲವೂ ರಿವರ್ಟ್ ಆಗುತ್ತದೆ. ಈಥೀರಿಯಂನ ಸ್ವಂತ ನಾಣ್ಯವಾದ ಈಥರ್ ಹಂಚುವಾಗ ಬೇರೆಯೇ ಗೊಡವೆ. ಸಾಲಿಡಿಟಿಯ ಹಳೆಯ ಟ್ರಾನ್ಸ್‌ಫರ್ ಫಂಕ್ಷನ್ 2,300 ಗ್ಯಾಸ್ ಮಾತ್ರ ಕೊಡುತ್ತದೆ. 2021ರ ಏಪ್ರಿಲ್‌ನ ಬರ್ಲಿನ್ ಅಪ್‌ಗ್ರೇಡ್ ನಂತರ ಇನ್ನೂ ಮುಟ್ಟದ ಕಾಂಟ್ರ್ಯಾಕ್ಟಿಗೆ ಡೆಲಿಗೇಟ್‌ಕಾಲ್ (ಅದರ ಕೋಡನ್ನು ಎರವಲು ಪಡೆದು ಓಡಿಸುವುದು) ಮಾಡಲು 2,600 ಗ್ಯಾಸ್ ಬೇಕು. ಹೀಗೆ ಎರವಲು ಕೋಡ್ ಓಡಿಸುವ ಪ್ರಾಕ್ಸಿ ಮೂಲಕ ನಡೆಯುವ ಮಲ್ಟಿಸಿಗ್ ವಾಲೆಟ್ಟಿಗೆ ಆ ಫಂಕ್ಷನ್ನಿನಿಂದ ಈಥರ್ ಕಳಿಸಿದರೆ ಬಾಗಿಲಲ್ಲೇ ವಾಪಸ್. ಸ್ವಂತ ಸಂಗ್ರಾಹಕ ಬರೆಯುವವರು ಈಥರ್‌ಗೆ ಕಾಲ್ ಎಂಬ ಕರೆ, ಟೋಕನ್‌ಗೆ ಓಪನ್‌ಜೆಪ್ಪೆಲಿನ್‌ನ ಸೇಫ್‌ಇಆರ್‌ಸಿ20 ಬಳಸಿ. ಈಥೀರಿಯಂ ಮೇಲಿನ ಯುಎಸ್‌ಡಿಟಿ ಎಂಬ ಇನ್ನೊಂದು ಡಾಲರ್ ಟೋಕನ್ ತನ್ನ ಟ್ರಾನ್ಸ್‌ಫರ್‌ನಿಂದ ಹೌದು ಇಲ್ಲ ಎಂಬ ಉತ್ತರವನ್ನೇ ಕೊಡುವುದಿಲ್ಲ. ಉತ್ತರ ಬರುತ್ತದೆಂದು ಬರೆದ ಕೋಡ್ ಅಲ್ಲಿ ಬೀಳುತ್ತದೆ.

ಆದ್ದರಿಂದ ನಮ್ಮ ಆಯ್ಕೆ ಪುಲ್. ಅದಕ್ಕೂ ಒಂದು ತೊಂದರೆ ಇದೆ: ವೇರ್‌ಹೌಸ್‌ನಲ್ಲಿ ಜಮಾ ಆದ ದುಡ್ಡು ಸಾಮಾನ್ಯ ವಾಲೆಟ್ಟಿನಲ್ಲಿ ಯುಎಸ್‌ಡಿಸಿಯಾಗಿ ಕಾಣುವುದಿಲ್ಲ. ದುಡ್ಡು ಬಂದಿಲ್ಲ ಎಂದು ಫೋನ್ ಬರುತ್ತದೆ. ತೆಗೆಯುವುದು ಹೇಗೆ ಎಂದು ಪ್ರತಿ ಪಾಲುದಾರರಿಗೂ ಒಮ್ಮೆ ಕೂರಿಸಿ ತೋರಿಸಿ, ಮುಂದಿನ ತಲೆನೋವು ತಪ್ಪುತ್ತದೆ.

ಈಗ ಪರಿವರ್ತನೆ. ದುಡ್ಡು ನಿಜವಾಗಿ ಹೋಗುವುದು ಇಲ್ಲಿ. ಸುಶಿಸ್ವಾಪ್ ಎಂಬ ಎಕ್ಸ್‌ಚೇಂಜಿನಲ್ಲಿ ಫೀಯಾಗಿ ಬಂದ ಎಲ್‌ಪಿ ಟೋಕನ್‌ಗಳನ್ನು ಅದರದೇ ಟೋಕನ್ ಆದ ಸುಶಿಗೆ ಬದಲಿಸಲು ಸುಶಿಮೇಕರ್ ಎಂಬ ಕಾಂಟ್ರ್ಯಾಕ್ಟ್ ಇತ್ತು. ಯಾರು ಬೇಕಾದರೂ ಕರೆಯಬಹುದಾಗಿತ್ತು. ಫ್ಲ್ಯಾಷ್ ಲೋನ್ ದಾಳಿ (ಒಂದೇ ಟ್ರಾನ್ಸಾಕ್ಷನ್ನಿನಲ್ಲಿ ಭಾರಿ ಸಾಲ ಪಡೆದು ತೀರಿಸುವಷ್ಟರಲ್ಲಿ ಬೆಲೆ ಕೆಡಿಸುವುದು) ತಡೆಯಲು ಕಾಂಟ್ರ್ಯಾಕ್ಟುಗಳು ಕರೆಯದಂತೆ ತಡೆ ಹಾಕಿದ್ದರು. ಅಷ್ಟಿದ್ದೂ 2021ರ ಜನವರಿಯಲ್ಲಿ 81 ಈಥರ್ ಕಳೆಯಿತು. ಡಿಗ್ ಎಂಬ ಟೋಕನ್‌ಗೆ ಈಥರ್ ಜೊತೆ ಪೂಲ್ ಇರಲಿಲ್ಲ. ದಾಳಿಕಾರ ಚಿಕ್ಕದೊಂದು ಪೂಲನ್ನು ತಾನೇ ತೆರೆದ, ತನಗೆ ಬೇಕಾದ ಬೆಲೆ ಇಟ್ಟ, ಪರಿವರ್ತನೆಯನ್ನು ಕರೆದ. ಕಾಂಟ್ರ್ಯಾಕ್ಟ್ ಆ ಪೂಲಿಗೇ ಹೋಗಿ ಫೀ ಸುರಿಯಿತು. ಪಾಲು ಹಾಕುವ ಲೆಕ್ಕದಲ್ಲಿ ಏನೂ ತಪ್ಪಿರಲಿಲ್ಲ. ಹಂಚುವ ಮುಂಚೆಯೇ ಗಂಟು ಕರಗಿತ್ತು.

ಇದರಿಂದ ಹೊರಡುವ ಕೆಲಸಗಳು ಇಂಥವು. ಪರಿವರ್ತನೆಯ ದಾರಿಯನ್ನು ಟೋಕನ್‌ವಾರು ನೀವೇ ಬರೆದಿಡಿ. ದಾರಿ ಬರೆಯದ ಟೋಕನ್ ಬಂದರೆ ಅದು ಸುಮ್ಮನೆ ಬಿದ್ದಿರಲಿ. ಕನಿಷ್ಠ ಎಷ್ಟು ಬರಬೇಕು ಎಂಬ ಜಾಗದಲ್ಲಿ ಸೊನ್ನೆ ಇಟ್ಟರೆ ಸ್ಯಾಂಡ್‌ವಿಚ್ ಬಾಟ್‌ಗಳಿಗೆ ಆಮಂತ್ರಣ ಕೊಟ್ಟಂತೆ: ನಿಮಗಿಂತ ಮುಂಚೆ ಕೊಂಡು ಬೆಲೆ ಏರಿಸಿ, ನಿಮ್ಮ ಬೆನ್ನಿಗೇ ಮಾರುತ್ತವೆ. ಮಾರುಕಟ್ಟೆ ದರವನ್ನು ಚೈನ್ ಮೇಲೆ ತಿಳಿಸುವ ಚೈನ್‌ಲಿಂಕ್ ಬೆಲೆ ಫೀಡಿನಿಂದ (ಇಂಥ ಮೂಲಕ್ಕೆ ಒರಾಕಲ್ ಎನ್ನುತ್ತಾರೆ) ದರ ಓದಿ, ಅದಕ್ಕಿಂತ ಶೇ 1ರೊಳಗೆ ಕಡಿಮೆಯಾದರೆ ಮಾತ್ರ ಒಪ್ಪಿ. ಫೀಡಿನ ಕೊನೆಯ ಅಪ್‌ಡೇಟ್ ಸಮಯವನ್ನೂ ನೋಡಿ, ಹಳಸಿದ್ದರೆ ನಿಲ್ಲಿಸಿ. ಇಷ್ಟೆಲ್ಲ ಸ್ವಂತವಾಗಿ ಬರೆಯುವುದು ಬೇಡ ಎಂದರೆ ಸ್ಪ್ಲಿಟ್ಸ್‌ನವರದೇ ಸ್ವಾಪರ್ ಎಂಬ ಕಾಂಟ್ರ್ಯಾಕ್ಟ್ ಇದೆ. ಅದು ತಾನಾಗಿ ಮಾರುಕಟ್ಟೆಗೆ ಹೋಗುವುದಿಲ್ಲ. ಒರಾಕಲ್ ಬೆಲೆಗೆ ನೀವು ಹೇಳಿದಷ್ಟು ರಿಯಾಯಿತಿ ಕೊಟ್ಟು, ಯಾರಾದರೂ ಬಂದು ಕೊಳ್ಳಲಿ ಎಂದು ಕಾಯುತ್ತದೆ. ಆ ರಿಯಾಯಿತಿಯೇ ನಿಮ್ಮ ಖರ್ಚಿನ ಮೇಲ್ಮಿತಿ. ಇಡೀ ವ್ಯವಸ್ಥೆಯಲ್ಲಿ ನಮಗೆ ಹೆಚ್ಚು ಹಿಡಿಸಿದ ಭಾಗ ಇದೇ.

ಚಾಲನೆಗೆ ಬರೋಣ. ಬೆಳಗಾವಿಯ ಟಿಳಕವಾಡಿಯ ಕೋಣೆಯಲ್ಲಿರುವ ಲ್ಯಾಪ್‌ಟಾಪಿನ ಕ್ರಾನ್ ಜಾಬ್ (ಗೊತ್ತಾದ ಹೊತ್ತಿಗೆ ತಾನಾಗಿ ಓಡುವ ಕೆಲಸ) ಮೇಲೆ ಇದನ್ನು ಬಿಡಬೇಡಿ. ಮಳೆಗಾಲದಲ್ಲಿ ಕರೆಂಟು ಹೋದರೆ ಹಂಚಿಕೆಯೂ ಹೋಯಿತು, ಜೊತೆಗೆ ಪ್ರೈವೇಟ್ ಕೀ ಆ ಯಂತ್ರದಲ್ಲೇ ಕೂತಿರುತ್ತದೆ. ಚೈನ್‌ಲಿಂಕ್ ಆಟೊಮೇಷನ್‌ನಲ್ಲಿ ನಿಮ್ಮ ಕಾಂಟ್ರ್ಯಾಕ್ಟಿಗೆ ಎರಡು ಫಂಕ್ಷನ್ ಬೇಕು. ಚೆಕ್‌ಅಪ್‌ಕೀಪ್ ಅನ್ನು ಅವರ ನೋಡ್‌ಗಳು ಚೈನಿನ ಹೊರಗೆ ಓಡಿಸಿ ನೋಡುತ್ತವೆ, ಗ್ಯಾಸ್ ಖರ್ಚಿಲ್ಲ. ಅದು ಹೌದು ಎಂದಾಗ ಪರ್ಫಾರ್ಮ್‌ಅಪ್‌ಕೀಪ್ ಅನ್ನು ಚೈನ್ ಮೇಲೆ ಕರೆಯುತ್ತವೆ. ಖರ್ಚು ಮತ್ತು ಅದರ ಮೇಲಿನ ಪ್ರೀಮಿಯಂ ನೀವು ತುಂಬಿಟ್ಟ ಲಿಂಕ್ (ಚೈನ್‌ಲಿಂಕ್‌ನ ಟೋಕನ್) ಬ್ಯಾಲೆನ್ಸಿನಿಂದ ಕಡಿತವಾಗುತ್ತದೆ.

ಷರತ್ತನ್ನು ಎರಡೂ ಕಡೆ ಬರೆಯಬೇಕು. ಏಳು ದಿನ ಆಗಿದೆಯೇ, 500 ಯುಎಸ್‌ಡಿಸಿ ಕೂಡಿದೆಯೇ ಎಂದು ಚೆಕ್‌ನಲ್ಲಿ ಕೇಳಿ ಪರ್ಫಾರ್ಮ್‌ನಲ್ಲಿ ಬಿಟ್ಟರೆ, ದಾರಿಹೋಕರು ನೇರವಾಗಿ ಪರ್ಫಾರ್ಮ್ ಕರೆಯುತ್ತಾರೆ. ಪ್ರತಿ ಅಪ್‌ಕೀಪ್‌ಗೂ, ಅಂದರೆ ನೀವು ನೋಂದಾಯಿಸಿದ ಪ್ರತಿ ಕೆಲಸಕ್ಕೂ, ತನ್ನದೇ ಫಾರ್ವರ್ಡರ್ ವಿಳಾಸ ಸಿಗುತ್ತದೆ, ಅದರಿಂದ ಮಾತ್ರ ಕರೆ ಒಪ್ಪುವಂತೆ ಕಟ್ಟಿ. ಇನ್ನು ಸದ್ದಿಲ್ಲದೆ ನಿಲ್ಲುವ ಎರಡು ಸಂದರ್ಭಗಳಿವೆ. ಲಿಂಕ್ ಬ್ಯಾಲೆನ್ಸ್ ಕನಿಷ್ಠ ಮಟ್ಟಕ್ಕಿಂತ ಕೆಳಗಿಳಿದಾಗ ಒಂದು; ಸಿಮ್ಯುಲೇಷನ್‌ನಲ್ಲೇ ಪರ್ಫಾರ್ಮ್ ವಿಫಲವಾಗುತ್ತಿದ್ದರೆ ನೋಡ್‌ಗಳು ಕರೆಯುವುದನ್ನೇ ಬಿಡುವುದು ಇನ್ನೊಂದು. ಎರಡರಲ್ಲೂ ಚೈನ್ ಮೇಲೆ ಯಾವ ಕುರುಹೂ ಇರುವುದಿಲ್ಲ. ಎಂಟು ದಿನ ಹಂಚಿಕೆಯ ಇವೆಂಟ್ ಬಾರದಿದ್ದರೆ ಫೋನಿಗೆ ಸಂದೇಶ ಬರುವಂತೆ ಬೇರೆಯೇ ಒಂದು ಕಾವಲು ಇಡಿ.

ಸಮಯದ ಬಗ್ಗೆ ಒಂದು ಮಾತು. ಚೈನ್‌ಲಿಂಕ್‌ನಲ್ಲಿ ಹೊತ್ತು ಗೊತ್ತುಮಾಡುವ ಕ್ರಾನ್ ನಡೆಯುವುದು ಯುಟಿಸಿಯಲ್ಲಿ, ನಮಗಿಂತ ಐದೂವರೆ ಗಂಟೆ ಹಿಂದೆ. ನಮ್ಮ ಸೋಮವಾರ ಬೆಳಿಗ್ಗೆ 10 ಗಂಟೆ ಬೇಕೆಂದರೆ ಬರೆಯಬೇಕಾದದ್ದು 30 4 * * 1. ಕಾಂಟ್ರ್ಯಾಕ್ಟಿನೊಳಗೆ ವಾರವನ್ನು 6,04,800 ಸೆಕೆಂಡಿನಿಂದ ಭಾಗಿಸಿ ಎಣಿಸಿದರೆ ವಾರ ಶುರುವಾಗುವುದು ಗುರುವಾರ, ಏಕೆಂದರೆ ಯುನಿಕ್ಸ್ ಕಾಲದ ಮೊದಲ ದಿನ, 1970ರ ಜನವರಿ 1, ಗುರುವಾರ. ಕರ್ವ್ ಎಂಬ ಎಕ್ಸ್‌ಚೇಂಜಿನ ಫೀ ಹಂಚಿಕೆಯ ವಾರ ಗುರುವಾರಕ್ಕೆ ಹೊರಳುವುದೂ ಇದೇ ಲೆಕ್ಕದಿಂದ. ನಮ್ಮ ಗಡಿಯಾರದಲ್ಲಿ ಅದು ಬೆಳಗಿನ 5:30.

ಇಲ್ಲಿಯವರೆಗೆ ಹೇಳಿದ್ದೆಲ್ಲ ಹತ್ತಿಪ್ಪತ್ತು ಗೊತ್ತಿರುವ ಪಾಲುದಾರರಿಗೆ. ಪ್ರೋಟೊಕಾಲಿನಲ್ಲಿ ಟೋಕನ್ ಒತ್ತೆ ಇಟ್ಟ ಸಾವಿರಾರು ಸ್ಟೇಕರ್‌ಗಳಿಗೆ ಫೀ ಹಂಚಬೇಕಾದರೆ ಸ್ಪ್ಲಿಟ್ಸ್ ಸರಿಯಾದ ಸಾಧನವಲ್ಲ. ಅಲ್ಲಿ ಸಿಂಥೆಟಿಕ್ಸ್ ಎಂಬ ಪ್ರೋಟೊಕಾಲಿನ ಸ್ಟೇಕಿಂಗ್‌ರಿವಾರ್ಡ್ಸ್ ಮಾದರಿ ಬೇಕು: ಬಂದ ಮೊತ್ತವನ್ನು ಏಳು ದಿನಕ್ಕೆ ಹರಡಿ, ಪ್ರತಿ ಸೆಕೆಂಡಿಗೆ ಇಷ್ಟು ಎಂದು ದರ ಕಟ್ಟಿ, ಒಂದು ಟೋಕನ್‌ಗೆ ಇಲ್ಲಿಯವರೆಗೆ ಎಷ್ಟು ಸಂದಿದೆ ಎಂಬ ಒಂದೇ ಅಂಕಿಯನ್ನು ಮುಂದಕ್ಕೆ ತಳ್ಳುತ್ತ ಹೋಗುವುದು. ಜನ ಎಷ್ಟೇ ಇದ್ದರೂ ಲೂಪ್ ಇಲ್ಲ. ಒಂದೇ ಏಟಿಗೆ ಹಂಚದೆ ಹರಡುವುದಕ್ಕೂ ಕಾರಣವಿದೆ. ಹಂಚುವ ಕ್ಷಣದ ಮುಂಚೆ ಬಂದು ಸ್ಟೇಕ್ ಮಾಡಿ, ಪಾಲು ಎತ್ತಿಕೊಂಡು ಮರುಕ್ಷಣ ಹೊರಡುವವರಿಗೆ ಇಲ್ಲಿ ಏನೂ ಗಿಟ್ಟುವುದಿಲ್ಲ.

ಈ ಮಾದರಿಯನ್ನು ಹಾಗೇ ನಕಲು ಮಾಡಿದವರು ಎಡವುವ ಜಾಗ ಮಾತ್ರ ಹತ್ತಿರದಿಂದ ನೋಡುವಂಥದ್ದು. ಯುಎಸ್‌ಡಿಸಿಗೆ 6 ದಶಮಾಂಶ. 500 ಯುಎಸ್‌ಡಿಸಿ ಎಂದರೆ 50 ಕೋಟಿ ಘಟಕ. 6,04,800ರಿಂದ ಭಾಗಿಸಿದರೆ 826.7. ಸಾಲಿಡಿಟಿ ಪೂರ್ಣಾಂಕ ಮಾತ್ರ ಇಟ್ಟುಕೊಳ್ಳುತ್ತದೆ, 826. ವಾರದಲ್ಲಿ ಹಂಚಿಕೆಯಾಗುವುದು 49,95,64,800 ಘಟಕ, ಉಳಿದ 0.4352 ಯುಎಸ್‌ಡಿಸಿ ಯಾರಿಗೂ ಸೇರದೆ ಕಾಂಟ್ರ್ಯಾಕ್ಟಿನಲ್ಲೇ. ಇದು ಸಹಿಸಬಹುದಾದ ನಷ್ಟ. ಈಗ ಅದೇ ಕೋಡಿಗೆ 8 ದಶಮಾಂಶದ ಡಬ್ಲ್ಯುಬಿಟಿಸಿ (ಬಿಟ್‌ಕಾಯಿನ್ ಬದಲಿಗೆ ಈಥೀರಿಯಂ ಮೇಲೆ ನಡೆಯುವ ಟೋಕನ್) ಹಾಕಿ. 0.005 ಡಬ್ಲ್ಯುಬಿಟಿಸಿ ಎಂದರೆ 5,00,000 ಘಟಕ. 6,04,800ರಿಂದ ಭಾಗಿಸಿದರೆ ಬರುವ ದರ ಸೊನ್ನೆ. ಅಷ್ಟು ಬಿಟ್‌ಕಾಯಿನ್ ಕಾಂಟ್ರ್ಯಾಕ್ಟಿಗೆ ಹೋಗಿ ಯಾರಿಗೂ ಒಂದು ಪೈಸೆ ಸಿಗುವುದಿಲ್ಲ, ಟ್ರಾನ್ಸಾಕ್ಷನ್ ಮಾತ್ರ ಹಸಿರು ಗುರುತಿನೊಂದಿಗೆ ಯಶಸ್ವಿ ಎಂದು ತೋರಿಸುತ್ತದೆ. ದರವನ್ನು ಕಟ್ಟುವಾಗಲೇ 10ರ 18ನೇ ಘಾತದಿಂದ ಗುಣಿಸಿಟ್ಟುಕೊಂಡು, ಕೊಡುವಾಗ ಭಾಗಿಸಿ. ದರ ಸೊನ್ನೆ ಬಂದರೆ ರಿವರ್ಟ್ ಆಗುವ ಒಂದು ಸಾಲನ್ನೂ ಸೇರಿಸಿ. ಹೊಸ ಮೊತ್ತ ತಿಳಿಸುವ ಫಂಕ್ಷನ್ ಎಲ್ಲರಿಗೂ ತೆರೆದಿರಬಾರದು. ಅದನ್ನು ಕರೆದಾಗಲೆಲ್ಲ ಉಳಿದ ಮೊತ್ತ ಮತ್ತೆ ಏಳು ದಿನಕ್ಕೆ ಹರಡುತ್ತದೆ, ಸೊನ್ನೆ ಮೊತ್ತ ಹಾಕಿ ಪದೇ ಪದೇ ಕರೆದು ಎಲ್ಲರ ದರ ಇಳಿಸಬಹುದು.

ಮಾಲೀಕತ್ವದ ವಿಷಯದಲ್ಲಿ ಸ್ಪ್ಲಿಟ್ಸ್ ಮೇಲೆ ನಮ್ಮ ಒಂದು ಆಕ್ಷೇಪವಿದೆ. ಮಾಲೀಕರಿಲ್ಲದ ಸ್ಪ್ಲಿಟ್ ಮಾಡಿದರೆ ಪಾಲು ಎಂದೆಂದಿಗೂ ಬದಲಾಗದು. ಮಾಲೀಕರಿದ್ದರೆ ಪಾಲು ಬದಲಿಸಬಹುದು, ಎರಡನೇ ಆವೃತ್ತಿಯಲ್ಲಿ ಆ ಸ್ಪ್ಲಿಟ್ ಹೆಸರಿನಲ್ಲಿ ಯಾವ ಕರೆಯನ್ನಾದರೂ ಮಾಡಬಹುದು. ಅಂದರೆ ಇನ್ನೂ ಹಂಚದೆ ಉಳಿದ ಮೊತ್ತದ ಮೇಲೆ ಮಾಲೀಕರದೇ ಪೂರ್ತಿ ಹಿಡಿತ. ಇದನ್ನು ಪಾಲುದಾರರಿಗೆ ಮೊದಲೇ ಬಾಯಿಬಿಟ್ಟು ಹೇಳಬೇಕು. ಮಾಲೀಕರ ಜಾಗದಲ್ಲಿ ಒಬ್ಬರ ವಾಲೆಟ್ ಇಡಬೇಡಿ, ಐವರಲ್ಲಿ ಮೂವರು ಸಹಿ ಹಾಕಬೇಕಾದ ಮಲ್ಟಿಸಿಗ್, ಅದರ ಮುಂದೆ ಬದಲಾವಣೆಯನ್ನು 48 ಗಂಟೆ ಕಾಯಿಸುವ ಟೈಮ್‌ಲಾಕ್ ಇಡಿ. ಪಾಲು ಬದಲಿಸುವ ಮುನ್ನ ಬಾಕಿ ಇರುವುದನ್ನೆಲ್ಲ ಹಳೆಯ ಪಾಲಿನಂತೆ ಹಂಚಿಬಿಡಿ. ಇಲ್ಲದಿದ್ದರೆ ಕಳೆದ ವಾರದ ದುಡಿಮೆಗೂ ಹೊಸ ಪಾಲೇ ಅನ್ವಯಿಸುತ್ತದೆ.

ಪರೀಕ್ಷೆಗೆ ಫೌಂಡ್ರಿ ಬಳಸಿ. ಬೆಳಗಾವಿಯವರಿಗೆ ಈ ಹೆಸರು ಕೇಳಿದರೆ ಉದ್ಯಮಬಾಗದ ಎರಕದ ಕಾರ್ಖಾನೆ ನೆನಪಾಗುತ್ತದೆ. ಇದು ಸಾಲಿಡಿಟಿ ಪರೀಕ್ಷಿಸುವ ಟೂಲ್. ಮುಖ್ಯ ಚೈನಿನ ಫೋರ್ಕ್ (ನಿಮ್ಮ ಯಂತ್ರದಲ್ಲಿ ಅದರ ನಕಲು) ತೆರೆದು, ಯುಎಸ್‌ಡಿಸಿಯ ಬ್ಲ್ಯಾಕ್‌ಲಿಸ್ಟರ್ ವಿಳಾಸದ ವೇಷದಲ್ಲಿ ನಿಮ್ಮದೇ ಒಬ್ಬ ಪಾಲುದಾರರನ್ನು ಕಪ್ಪುಪಟ್ಟಿಗೆ ಹಾಕಿ ಹಂಚಿ ನೋಡಿ. ಉಳಿದವರಿಗೆ ಮುಟ್ಟಿತೇ? ಸಮಯವನ್ನು ವಾರ್ಪ್ ಮಾಡಿ, ಅಂದರೆ ಮುಂದಕ್ಕೆ ಹಾರಿಸಿ, ಹದಿನೈದು ದಿನ ಹಂಚಿಕೆ ತಪ್ಪಿದಂತೆ ನಟಿಸಿ. ಮೂರು ಘಟಕದಷ್ಟು ಸಣ್ಣ ಮೊತ್ತ ಹಾಕಿ. ಒರಾಕಲ್ ಬೆಲೆ ಒಂದು ದಿನ ಹಳೆಯದಾಗಿದೆ ಎಂದು ತೋರಿಸಿ. ಈ ನಾಲ್ಕು ಪರೀಕ್ಷೆ ಪಾಸಾಗದ ಹೊರತು ಮುಖ್ಯ ಚೈನ್‌ಗೆ ಹೋಗುವುದು ಬೇಡ. ಹೋದ ಮೇಲೂ ಮೊದಲ ತಿಂಗಳು ಒಟ್ಟು ಫೀಯ ಹತ್ತನೇ ಒಂದು ಭಾಗವನ್ನಷ್ಟೇ ಈ ದಾರಿಯಲ್ಲಿ ಬಿಡಿ.

ಕೊನೆಯದಾಗಿ ತೆರಿಗೆ. ವರ್ಚುವಲ್ ಡಿಜಿಟಲ್ ಆಸ್ತಿ (ಇಂಥ ಕ್ರಿಪ್ಟೊ ಟೋಕನ್‌ಗಳು) ಮಾರಿ ಬಂದ ಲಾಭಕ್ಕೆ 2022ರ ಏಪ್ರಿಲ್ 1ರಿಂದ ಶೇ 30 ತೆರಿಗೆ, ಒಂದರ ನಷ್ಟವನ್ನು ಇನ್ನೊಂದರ ಲಾಭದಲ್ಲಿ ಕಳೆಯುವಂತಿಲ್ಲ. ಅದೇ ವರ್ಷದ ಜುಲೈ 1ರಿಂದ ಶೇ 1 ಟಿಡಿಎಸ್. ಫೀ ಕೈಗೆ ಬಂದ ದಿನ, ಅದನ್ನು ರೂಪಾಯಿ ಮಾಡಿಕೊಂಡ ದಿನ ಎರಡೂ ಬೇರೆ ಬೇರೆ ದಾಖಲೆ. ಪುಲ್ ಮಾದರಿಯಲ್ಲಿ ವೇರ್‌ಹೌಸ್‌ಗೆ ಜಮಾ ಆದ ದಿನ ಮೂರನೆಯದು. ಪ್ರತಿ ಹಂಚಿಕೆಯ ಇವೆಂಟಿನಿಂದ ತಾರೀಖು, ಬ್ಲಾಕ್ ಸಂಖ್ಯೆ, ಟೋಕನ್, ಮೊತ್ತ, ಆ ದಿನದ ರೂಪಾಯಿ ದರ ತೆಗೆದು ಒಂದು ಹಾಳೆಗೆ ತಾನಾಗಿ ಬೀಳುವಂತೆ ಸ್ಕ್ರಿಪ್ಟ್ ಬರೆದಿಡಿ, ಮಾರ್ಚ್ ಬರುವ ಮುಂಚೆಯೇ ನಿಮ್ಮ ಸಿಎ ಕೈಗೆ ಕೊಡಿ.